ಮದುವೆ ಹಾಡಿಗೆ ಪರವಾನಗಿ ಬೇಕೆ? ಆರ್ಡರ್ ಹಿಡಿಯುವ ಮುನ್ನ ತಿಳಿದಿರಬೇಕಾದ ವಿಷಯಗಳು



ಅಡಿಗೆ ಮಾಡಿ ಬಡಿಸುವುದು ನಮ್ಮ ವೃತ್ತಿ. ಆದರೆ ಈಗಿನ ಆರ್ಡರುಗಳು ಬರೀ ಎಲೆ ಲೆಕ್ಕದಲ್ಲಿ ಮುಗಿಯುವುದಿಲ್ಲ. "ಊಟ, ಹೂವಿನ ಅಲಂಕಾರ, ವಾದ್ಯ, ಸೌಂಡ್ ಸಿಸ್ಟಮ್, ಮೆನು ಕಾರ್ಡ್ ಎಲ್ಲವನ್ನೂ ನೀವೇ ನೋಡಿಕೊಳ್ಳಿ, ಕೊನೆಗೆ ಒಂದೇ ಬಿಲ್ ಕೊಡಿ" ಎಂದು ಪಾರ್ಟಿಯವರು ಹೇಳುತ್ತಾರೆ. ಲಾಭದ ಮಾತೇ ಹೌದು, ನಾವೂ ಒಪ್ಪುತ್ತೇವೆ. ಹಾಗೆ ಒಪ್ಪಿದ ಗಳಿಗೆಯಲ್ಲೇ ಹಾಡಿನ ಜವಾಬ್ದಾರಿ, ಚಿತ್ರದ ಜವಾಬ್ದಾರಿ, ಮುದ್ರಿಸಿದ ಪದ್ಯದ ಜವಾಬ್ದಾರಿ ಕೂಡ ನಮ್ಮ ಹೆಗಲೇರುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಪಾರ್ಟಿಯವರಿಂದ ಎರಡು ಮಾತು ಕೇಳಿ ಸುಮ್ಮನಾಗಬಹುದು. ಅನುಮತಿಯಿಲ್ಲದ ಹಾಡಿಗೆ ಬರುವುದು ವಕೀಲರ ನೋಟೀಸು.

ಈ ವಿಷಯದಲ್ಲಿ ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮದುವೆ ಎಂದರೆ ಯಾವ ಪರವಾನಗಿಯೂ ಬೇಡ ಎನ್ನುವವರು ಕೆಲವರು. ನೋಟೀಸು ಬಂದರೆ ಕೇಳಿದಷ್ಟು ಕಟ್ಟಿಬಿಡುವುದೇ ಕ್ಷೇಮ ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಹಾಡು ಒಂದೇ ಇರಬಹುದು, ಛತ್ರವೂ ಒಂದೇ ಇರಬಹುದು. ಸಂದರ್ಭ ಬದಲಾದರೆ ಕಾನೂನಿನ ಉತ್ತರ ಬದಲಾಗುತ್ತದೆ. ಸಂದರ್ಭವನ್ನು ಗುರುತಿಸಲು ಕಲಿತರೆ ಬೇಡದ ಕಡೆ ಹಣ ಕಟ್ಟುವುದೂ ತಪ್ಪುತ್ತದೆ, ಬೇಕಾದ ಕಡೆ ಸಿಕ್ಕಿಬೀಳುವುದೂ ತಪ್ಪುತ್ತದೆ.

ಒನ್ ಟೌನ್ ಆರ್ಡರು

ಆಂಧ್ರಪ್ರದೇಶದಲ್ಲಿ ಒನ್ ಟೌನ್ ಎಂಬ ಹೆಸರಿನ ಪೇಟೆ ಎರಡು ಊರುಗಳಲ್ಲಿದೆ. ವಿಜಯವಾಡದ ಒನ್ ಟೌನ್ ಇಂದ್ರಕೀಲಾದ್ರಿಯ ಕನಕದುರ್ಗೆಯ ಬೆಟ್ಟಕ್ಕೂ ಕಾಳೇಶ್ವರರಾವ್ ಮಾರ್ಕೆಟ್ಟಿಗೂ ಹತ್ತಿರದ ಹಳೆಯ ವ್ಯಾಪಾರಿ ಪ್ರದೇಶ. ವಿಶಾಖಪಟ್ಟಣದ ಒನ್ ಟೌನ್ ಬಂದರಿನ ಕಡೆಯ ಹಳೆಯ ಊರು. ಬುರುಜುಪೇಟೆಯ ಕನಕಮಹಾಲಕ್ಷ್ಮಿ ದೇವಸ್ಥಾನ, ಕುರುಪಾಂ ಮಾರ್ಕೆಟ್ ಇರುವುದು ಅಲ್ಲಿ. ಉಡುಪಿ ಅಡಿಗೆಗೆ ಆಂಧ್ರದಲ್ಲಿ ಹಿಂದಿನಿಂದಲೂ ಮರ್ಯಾದೆ ಇದೆ. ಅಂಥ ಪೇಟೆಯ ವರ್ತಕರ ಮನೆಯ ಆರ್ಡರು ಸಿಕ್ಕಿತೆಂದರೆ ಅದು ಒಂದು ಹೊತ್ತಿನ ಊಟವಲ್ಲ, ನಾಲ್ಕೈದು ದಿನಗಳ ಕೆಲಸ.

ಕೃತಿಸ್ವಾಮ್ಯ ಕಾನೂನು ಕೇಂದ್ರದ್ದು. 1957ರ ಕಾಯಿದೆ ಬೆಂಗಳೂರಿಗೂ ವಿಜಯವಾಡಕ್ಕೂ ಒಂದೇ. ಆದರೆ ಹೊರ ಊರಿನಲ್ಲಿ ಕೆಲಸ ಮಾಡುವವನಿಗೆ ತೊಂದರೆ ಬಂದರೆ ಅದರ ಭಾರ ಹೆಚ್ಚು. ಪರಿಚಯದ ವಕೀಲರಿಲ್ಲ, ಓಡಾಟದ ಖರ್ಚು ಬೇರೆ, ಆ ದಿನಗಳಲ್ಲಿ ಹಿಡಿದ ಇತರ ಆರ್ಡರುಗಳು ಕೈತಪ್ಪುತ್ತವೆ. ಆದ್ದರಿಂದ ಒನ್ ಟೌನಿನ ಒಂದು ಮಾದರಿ ಆರ್ಡರನ್ನೇ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತೇವೆ.

ಜವಳಿ ವ್ಯಾಪಾರದ ಒಂದು ಕುಟುಂಬ ಒಂದೇ ಛತ್ರದಲ್ಲಿ ಆರು ಸಮಾರಂಭಗಳಿಗೆ ನಮಗೆ ಆರ್ಡರು ಕೊಟ್ಟಿದೆ ಎಂದು ಭಾವಿಸೋಣ. ಮೊದಲನೆಯದು ಹಳದಿ ಮತ್ತು ಸಂಗೀತ್. ಎರಡನೆಯದು ಮುಹೂರ್ತ. ಮೂರನೆಯದು ಆರತಕ್ಷತೆ. ನಾಲ್ಕನೆಯದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಐದನೆಯದು ಮೊಮ್ಮಗನ ಹುಟ್ಟುಹಬ್ಬ. ಆರನೆಯದು ಅಂಗಡಿಯ ನೌಕರರಿಗೂ ಗಿರಾಕಿಗಳಿಗೂ ಕೊಡುವ ಹೊಸ ವರ್ಷದ ಔತಣ. ಆರರಲ್ಲೂ ಒಂದೇ ತೆಲುಗು ಸಿನಿಮಾ ಹಾಡನ್ನು ಹಾಕಿದರೆ ಎಲ್ಲಿ ಪರವಾನಗಿ ಬೇಕು, ಎಲ್ಲಿ ಬೇಡ?

ಮದುವೆಗೆ ಇರುವ ವಿನಾಯಿತಿ

ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಯಾವುದು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುತ್ತದೆ. ಅದರ ಒಂದನೇ ಉಪಕಲಮಿನ 'ಝಡ್.ಎ.' ಖಂಡ ನಮಗೆ ಅತಿ ಮುಖ್ಯವಾದದ್ದು. ನಿಜವಾದ ಧಾರ್ಮಿಕ ವಿಧಿಯ ಅಂಗವಾಗಿ, ಅಥವಾ ಸರ್ಕಾರದ ಇಲ್ಲವೇ ಸ್ಥಳೀಯ ಸಂಸ್ಥೆಯ ಅಧಿಕೃತ ಸಮಾರಂಭದಲ್ಲಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳನ್ನು ಪ್ರದರ್ಶಿಸಿದರೆ ಅಥವಾ ಧ್ವನಿಮುದ್ರಿಕೆಯನ್ನು ಕೇಳಿಸಿದರೆ ಅದು ಉಲ್ಲಂಘನೆಯಲ್ಲ. ಧಾರ್ಮಿಕ ವಿಧಿ ಎಂಬುದರಲ್ಲಿ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಇತರ ಸಾಮಾಜಿಕ ಸಂಭ್ರಮಗಳೂ ಸೇರುತ್ತವೆ ಎಂದು ಅಲ್ಲೇ ವಿವರಣೆ ಕೊಟ್ಟಿದೆ.

ಇಷ್ಟಿದ್ದರೂ ಮದುವೆಗಳಲ್ಲಿ ಶುಲ್ಕ ಕೇಳುವುದು ನಿಲ್ಲಲಿಲ್ಲವೆಂದು ಕೇಂದ್ರ ಸರ್ಕಾರಕ್ಕೆ ದೂರುಗಳು ಹೋದವು. ಕೈಗಾರಿಕಾ ಉತ್ತೇಜನ ಮತ್ತು ಆಂತರಿಕ ವ್ಯಾಪಾರ ಇಲಾಖೆ 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಈ ಖಂಡಕ್ಕೆ ವಿರುದ್ಧವಾಗಿ ನಡೆಯಬಾರದೆಂದು ಕೃತಿಸ್ವಾಮ್ಯ ಸೊಸೈಟಿಗಳಿಗೆ ತಿಳಿಸಿತು. ಮುಂದೆ 2024ರ ಜನವರಿಯಲ್ಲಿ ಗೋವಾ ಸರ್ಕಾರ ಇದೇ ವಿಷಯದಲ್ಲಿ ತನ್ನದೊಂದು ಸುತ್ತೋಲೆ ಹೊರಡಿಸಿತು. ಅದನ್ನು ಪ್ರಶ್ನಿಸಿದಾಗ ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆ ಸುತ್ತೋಲೆಯನ್ನು ರದ್ದುಮಾಡಿತು.

ಇದರಿಂದ ಮದುವೆಯ ವಿನಾಯಿತಿಯೇ ಹೋಯಿತೆಂದು ಕೆಲವರು ಹೇಳಿಕೊಂಡು ತಿರುಗುತ್ತಾರೆ. ಅದು ಸರಿಯಲ್ಲ. ರದ್ದಾದದ್ದು ಸುತ್ತೋಲೆ, ಕಾಯಿದೆಯ ಮಾತು ಇದ್ದ ಹಾಗೇ ಇದೆ. ಆದರೆ ಕಾಯಿದೆ ಹೇಳಿದ್ದಕ್ಕಿಂತ ಹೆಚ್ಚನ್ನು ಸುತ್ತೋಲೆಯ ಬಲದಿಂದ ಪಡೆಯಲಾಗದು. ಆದ್ದರಿಂದ ಪ್ರಕಟಣೆಯ ಜೆರಾಕ್ಸ್ ಪ್ರತಿಯನ್ನಷ್ಟೇ ನಂಬಿ ಕೂರದೆ, ನಮ್ಮ ಸಮಾರಂಭ ಕಾಯಿದೆಯ ಮಾತಿನೊಳಗೆ ಕೂರುತ್ತದೆಯೇ ಎಂದು ನೋಡಬೇಕು.

ಆರು ಸಮಾರಂಭ, ಆರು ಉತ್ತರ

1. ಹಳದಿ, ಸಂಗೀತ್: ಮನೆಯವರು ಮದುವೆಗಾಗಿಯೇ, ಆಹ್ವಾನಿತರಿಗಾಗಿ ನಡೆಸುವ ಸಂಭ್ರಮವಾದರೆ ಮೇಲಿನ ವಿವರಣೆಯ ಆಶ್ರಯವಿದೆ. ಟಿಕೆಟ್ ಮಾರಿದರೆ ಅಥವಾ ಕಂಪನಿಯೊಂದರ ಪ್ರಾಯೋಜಕತ್ವ ಪಡೆದರೆ ಆ ಆಶ್ರಯವನ್ನು ನಂಬುವಂತಿಲ್ಲ.

2. ಮುಹೂರ್ತ: ಇಲ್ಲಿ ಅನುಮಾನವೇ ಇಲ್ಲ. ನಾದಸ್ವರದವರು ಸಿನಿಮಾ ಹಾಡು ನುಡಿಸಿದರೂ ಸರಿ, ಧ್ವನಿಮುದ್ರಿಕೆ ಹಾಕಿದರೂ ಸರಿ.

3. ಆರತಕ್ಷತೆ: ಇದೂ ಮದುವೆಗೆ ಸಂಬಂಧಪಟ್ಟ ಸಾಮಾಜಿಕ ಸಂಭ್ರಮವೇ. ಆದರೆ ಖಂಡದಲ್ಲಿ ಹೇಳಿರುವುದು ಸಾಹಿತ್ಯ, ನಾಟಕ, ಸಂಗೀತ ಮತ್ತು ಧ್ವನಿಮುದ್ರಿಕೆ. ಚಲನಚಿತ್ರದ ಹೆಸರು ಅದರಲ್ಲಿಲ್ಲ. ಊಟದ ಹಾಲಿನ ದೊಡ್ಡ ಪರದೆಯ ಮೇಲೆ ಸಿನಿಮಾ ದೃಶ್ಯಗಳನ್ನು ಓಡಿಸುವುದು ಬೇರೆ ಮಾತು.

4. ಸತ್ಯನಾರಾಯಣ ಪೂಜೆ: ಧಾರ್ಮಿಕ ವಿಧಿ. ಪೂಜೆಯ ಅಂಗವಾದ ಭಜನೆ, ಕೀರ್ತನೆ, ಧ್ವನಿಮುದ್ರಿಕೆಗೆ ಪರವಾನಗಿ ಬೇಡ.

5. ಮೊಮ್ಮಗನ ಹುಟ್ಟುಹಬ್ಬ: ಹುಟ್ಟುಹಬ್ಬದ ಹೆಸರು ವಿನಾಯಿತಿಯಲ್ಲಿಲ್ಲ. ಬೆಳಿಗ್ಗೆ ಆಯುಷ್ಯ ಹೋಮ ಮಾಡಿದರೆ ಹೋಮದ ಭಾಗಕ್ಕೆ ಅದು ಸಲ್ಲಬಹುದು. ಸಂಜೆಯ ಕೇಕು, ಡಿ.ಜೆ. ಪಾರ್ಟಿಗೆ ಸಲ್ಲದು. ಮನೆಯೊಳಗೆ ನಾಲ್ಕು ಜನ ಸೇರಿ ಹಾಡು ಕೇಳುವುದು ಬೇರೆ, ಬಾಡಿಗೆಯ ಹಾಲಿನಲ್ಲಿ ಮುನ್ನೂರು ಜನರಿಗೆ ಕೇಳಿಸುವುದು ಬೇರೆ.

6. ಹೊಸ ವರ್ಷದ ಔತಣ: ವ್ಯಾಪಾರಕ್ಕಾಗಿ ಮಾಡುವ ಸಮಾರಂಭ. ಇಲ್ಲಿ ಪರವಾನಗಿ ಬೇಕೇ ಬೇಕು.

ನಮ್ಮಲ್ಲಿ ಹಲವರು ಹೋಟೆಲನ್ನೂ ನಡೆಸುತ್ತಾರೆ. ಹೋಟೆಲಿನ ಊಟದ ಹಾಲಿನಲ್ಲಿ ದಿನವೂ ಹಾಡು ಹಾಕುವುದಕ್ಕೂ ಪರವಾನಗಿ ಬೇಕು. ವಸತಿ ಕಟ್ಟಡದ ನಿವಾಸಿಗಳು ಒಟ್ಟಿಗೆ ಬಳಸುವ ಹಾಲಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ಆದರೆ ಹೋಟೆಲು ಮತ್ತು ಅಂಥ ವಾಣಿಜ್ಯ ಸ್ಥಳಗಳನ್ನು ಅದೇ ವಾಕ್ಯದಲ್ಲಿ ಹೊರಗಿಟ್ಟಿದೆ. ಮೊಬೈಲಿನ ಹಾಡಿನ ಆ್ಯಪಿಗೆ ತಿಂಗಳ ಹಣ ಕಟ್ಟಿದ್ದೇವೆ ಎಂಬುದು ಉತ್ತರವಾಗದು. ಅದು ಖಾಸಗಿಯಾಗಿ ಕೇಳುವುದಕ್ಕೆ ಕೊಟ್ಟ ಅನುಮತಿ ಮಾತ್ರ. ಹಾಗೆಯೇ ಪೊಲೀಸರಿಂದ ಪಡೆದ ಧ್ವನಿವರ್ಧಕದ ಅನುಮತಿ ಶಬ್ದಕ್ಕೆ ಸಂಬಂಧಪಟ್ಟದ್ದು, ಹಾಡಿನ ಹಕ್ಕಿಗಲ್ಲ.

ಒಂದು ಹಾಡಿಗೆ ಮಾಲೀಕರು ಎಷ್ಟು ಜನ?

ಒಂದು ಸಿನಿಮಾ ಹಾಡಿನಲ್ಲಿ ಕನಿಷ್ಠ ಮೂರು ಹಕ್ಕುಗಳಿವೆ. ಬರೆದ ಸಾಹಿತ್ಯಕ್ಕೆ ಒಂದು, ರಾಗ ಸಂಯೋಜನೆಗೆ ಒಂದು, ಸ್ಟುಡಿಯೋದಲ್ಲಿ ಮಾಡಿದ ಧ್ವನಿಮುದ್ರಣಕ್ಕೆ ಒಂದು. 2012ರ ತಿದ್ದುಪಡಿ ಗೀತರಚನಕಾರರ ಮತ್ತು ಸಂಗೀತ ನಿರ್ದೇಶಕರ ರಾಯಧನದ ಹಕ್ಕನ್ನು ಬಲಪಡಿಸಿತು. ಆದ್ದರಿಂದ ಒಬ್ಬರ ರಸೀದಿ ಇದ್ದರೆ ಎಲ್ಲರ ಅನುಮತಿಯೂ ಸಿಕ್ಕಿತು ಎಂದು ತಿಳಿಯಬಾರದು.

ಆರ್ಕೆಸ್ಟ್ರಾದವರು ವೇದಿಕೆಯಲ್ಲಿ ಹಾಡಿದರೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಮಾತ್ರ ಬಳಕೆಯಾಗುತ್ತದೆ. ಡಿ.ಜೆ. ಧ್ವನಿಮುದ್ರಿಕೆ ಹಾಕಿದರೆ ಮೂರೂ ಬಳಕೆಯಾಗುತ್ತವೆ. ಹಾಡಿದ ಗಾಯಕರೇ ಬಂದು ಹಾಡಿದರೂ ಹಾಡು ಅವರದಾಗದು. 2017ರ ಮಾರ್ಚಿನಲ್ಲಿ ಅಮೆರಿಕದ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಸಂಗೀತ ನಿರ್ದೇಶಕ ಇಳಯರಾಜಾ ಅವರ ಕಡೆಯಿಂದ ವಕೀಲರ ನೋಟೀಸು ಹೋಯಿತು. ತಮ್ಮ ಸಂಯೋಜನೆಗಳನ್ನು ಅನುಮತಿಯಿಲ್ಲದೆ ಹಾಡಬಾರದು ಎಂಬುದು ಅದರ ಸಾರ. ಎಸ್.ಪಿ.ಬಿ. ಆ ಪ್ರವಾಸದಲ್ಲಿ ಅವರ ಹಾಡುಗಳನ್ನು ಬಿಟ್ಟು ಬೇರೆಯವನ್ನು ಹಾಡುವುದಾಗಿ ಹೇಳಿದರು. ಅಷ್ಟು ದೊಡ್ಡ ಗಾಯಕರಿಗೇ ಈ ಪ್ರಶ್ನೆ ಬಂದಿರುವಾಗ ನಾವು ಕರೆತರುವ ಆರ್ಕೆಸ್ಟ್ರಾದವರು "ನಾವು ನೋಡಿಕೊಳ್ಳುತ್ತೇವೆ, ಚಿಂತೆ ಬೇಡ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಹಳೆಯ ಕೃತಿಗಳ ವಿಷಯ ಬೇರೆ. ಲೇಖಕರ ಅಥವಾ ಸಂಗೀತಗಾರರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಪುರಂದರದಾಸರು, ಅನ್ನಮಾಚಾರ್ಯರು, ತ್ಯಾಗರಾಜರು ರಚಿಸಿದ ಕೃತಿಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಕೀರ್ತನೆಯನ್ನು ಇತ್ತೀಚಿನ ಗಾಯಕರೊಬ್ಬರು ಹಾಡಿ ಕಂಪನಿ ಬಿಡುಗಡೆ ಮಾಡಿದ ಸಿ.ಡಿ.ಗೆ ಹಕ್ಕು ಇದೆ. ಹೊಸ ವರ್ಷದ ಔತಣಕ್ಕೆ ವಾದ್ಯದವರನ್ನು ಕರೆಸಿ ಇಂಥ ಹಳೆಯ ಕೃತಿಗಳನ್ನು ನುಡಿಸಿದರೆ ಪರವಾನಗಿಯ ಪ್ರಶ್ನೆಯೇ ಏಳದು. ಊಟದ ಹೊತ್ತಿಗೆ ವೀಣೆಯೋ ಕೊಳಲೋ ಇದ್ದರೆ ಪಂಕ್ತಿಗೂ ಶೋಭೆ.

ಯಾರನ್ನು ಕೇಳಬೇಕು?

ಸಾಹಿತ್ಯ ಮತ್ತು ಸಂಗೀತದ ಹಕ್ಕಿಗೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐ.ಪಿ.ಆರ್.ಎಸ್. ಇದೆ. ಇದು 1969ರಲ್ಲಿ ಸ್ಥಾಪನೆಯಾದ ಸಂಸ್ಥೆ. 2017ರಲ್ಲಿ ಕಾಯಿದೆಯ ಪ್ರಕಾರ ಮರುನೋಂದಣಿ ಪಡೆಯಿತು. ಧ್ವನಿಮುದ್ರಿಕೆಯ ಹಕ್ಕಿಗೆ 2021ರಲ್ಲಿ ನೋಂದಣಿ ಪಡೆದ ರೆಕಾರ್ಡೆಡ್ ಮ್ಯೂಸಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ಇದೆ. ಇವಲ್ಲದೆ ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್, ಅಂದರೆ ಪಿ.ಪಿ.ಎಲ್., ಮತ್ತು ನೊವೆಕ್ಸ್ ಎಂಬ ಸಂಸ್ಥೆಗಳು ಹಾಡಿನ ಕಂಪನಿಗಳಿಂದ ಹಕ್ಕನ್ನು ಬರೆಸಿಕೊಂಡು ಪರವಾನಗಿ ಕೊಡುತ್ತಾ ಬಂದಿವೆ.

ನೋಂದಾಯಿತ ಸೊಸೈಟಿಯಲ್ಲದವರು ಹೀಗೆ ಪರವಾನಗಿ ಕೊಡುವ ವ್ಯವಹಾರ ನಡೆಸಬಹುದೇ ಎಂಬ ಪ್ರಶ್ನೆಗೆ ನ್ಯಾಯಾಲಯಗಳು ಒಂದೇ ಉತ್ತರ ಕೊಟ್ಟಿಲ್ಲ. ನಡೆಸುವಂತಿಲ್ಲ ಎಂದು 2021ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. ಹಕ್ಕು ಬರೆಸಿಕೊಂಡ ಮಾಲೀಕರು ಕೊಡಬಹುದು ಎಂದು 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಹೇಳಿತು. ರೆಸ್ಟೋರೆಂಟುಗಳನ್ನು ನಡೆಸುವ ಕಂಪನಿಯೊಂದರ ಮೇಲಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2025ರ ಏಪ್ರಿಲಿನಲ್ಲಿ, ಪಿ.ಪಿ.ಎಲ್. ನೋಂದಣಿ ಇಲ್ಲದೆ ಹಾಗೆ ಪರವಾನಗಿ ಕೊಡುವಂತಿಲ್ಲ ಎಂಬ ನಿಲುವು ತಾಳಿ, ನೋಂದಾಯಿತ ಸೊಸೈಟಿಯ ದರದಂತೆ ಹಣ ಕಟ್ಟಲು ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆದ್ದರಿಂದ "ಅವರು ನೋಂದಾಯಿತರಲ್ಲ" ಎಂಬ ಒಂದೇ ವಾದವನ್ನು ನಂಬಿ ನೋಟೀಸನ್ನು ಕಸದ ಬುಟ್ಟಿಗೆ ಹಾಕಬಾರದು. ಪ್ರಕರಣದ ಈಗಿನ ಸ್ಥಿತಿಯನ್ನು ವಕೀಲರಿಂದ ತಿಳಿದೇ ಮುಂದುವರಿಯಬೇಕು.

ಪರವಾನಗಿಗೆ ಅರ್ಜಿ ಹಾಕುವಾಗ ಸಮಾರಂಭದ ಸ್ವರೂಪ, ದಿನಾಂಕ, ಸ್ಥಳ, ಬರುವ ಜನರ ಸಂಖ್ಯೆ, ಟಿಕೆಟ್ ಅಥವಾ ಪ್ರಾಯೋಜಕರು ಇದ್ದಾರೆಯೇ, ಹಾಡು ವೇದಿಕೆಯದೋ ಧ್ವನಿಮುದ್ರಿಕೆಯದೋ ಎಂಬುದನ್ನು ಸರಿಯಾಗಿ ನಮೂದಿಸಬೇಕು. ಸೊಸೈಟಿಗಳು ತಮ್ಮ ದರಪಟ್ಟಿಯನ್ನು ಪ್ರಕಟಿಸಬೇಕೆಂದು ಕಾಯಿದೆಯಲ್ಲಿದೆ. ಅದನ್ನು ನೋಡಿಯೇ ಹಣ ಕಟ್ಟಿರಿ. ಸಮಾರಂಭದ ದಿನ ಹಾಲಿನ ಬಾಗಿಲಿಗೆ ಬಂದು ನಗದು ಕೇಳಿದರೆ ಕೊಡಬೇಡಿ.

ಹಾಡು ಹಾಕಿದ್ದು ಡಿ.ಜೆ., ನಮಗೇನು?

ಇದು ಸಾಮಾನ್ಯವಾಗಿ ಕೇಳಿಬರುವ ಮಾತು. ಕಾಯಿದೆಯ 51ನೇ ಕಲಮಿನ ಪ್ರಕಾರ, ಲಾಭಕ್ಕಾಗಿ ಸ್ಥಳವನ್ನು ಇಂಥ ಬಳಕೆಗೆ ಬಿಟ್ಟುಕೊಟ್ಟವರೂ ಉಲ್ಲಂಘನೆ ಮಾಡಿದಂತೆಯೇ. ಅದು ಉಲ್ಲಂಘನೆ ಎಂದು ತನಗೆ ತಿಳಿದಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ ಎಂದಾದರೆ ಮಾತ್ರ ಪಾರಾಗಬಹುದು. ಛತ್ರವನ್ನು ತಾನೇ ಗುತ್ತಿಗೆಗೆ ಹಿಡಿದು ಊಟದೊಂದಿಗೆ ಬಾಡಿಗೆಗೆ ಕೊಡುವ ಕೇಟರರಿಗೆ ಇದು ನೇರವಾಗಿ ತಗಲುತ್ತದೆ. ಡಿ.ಜೆ.ಯನ್ನು ನಾವೇ ಗೊತ್ತುಮಾಡಿ ಬಿಲ್ಲಿನಲ್ಲಿ ಸೇರಿಸಿದ್ದರೆ ಗೊತ್ತಿಲ್ಲ ಎನ್ನುವುದು ಇನ್ನೂ ಕಷ್ಟ.

ತಿಳಿದೂ ತಿಳಿದೂ ಉಲ್ಲಂಘಿಸಿದರೆ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಹೊರ ಊರಿನ ಛತ್ರದಲ್ಲಿ ಸಾವಿರ ಎಲೆಯ ಪಂಕ್ತಿ ನಡೆಯುವಾಗ ಇಂಥದ್ದು ಬಂದರೆ ಹಣಕ್ಕಿಂತ ಮೊದಲು ಹೋಗುವುದು ನಮ್ಮ ಹೆಸರು.

ಕನ್ನಡ ಸಂಘದ ಕಾರ್ಯಕ್ರಮ

ಹೊರನಾಡಿನ ಕನ್ನಡ ಸಂಘಗಳ ರಾಜ್ಯೋತ್ಸವದ ಊಟವೂ ನಮ್ಮವರಿಗೆ ಸಿಗುವ ಆರ್ಡರು. ಹವ್ಯಾಸಿ ಸಂಘದವರೇ ಸೇರಿ, ಟಿಕೆಟ್ ಇಲ್ಲದೆ, ಹಾಡು ನಾಟಕ ಪ್ರದರ್ಶಿಸಿದರೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಸಂಭಾವನೆ ಕೊಟ್ಟು ವೃತ್ತಿಪರ ಆರ್ಕೆಸ್ಟ್ರಾ ಕರೆಸಿದರೆ ಆ ವಿನಾಯಿತಿ ಸಿಗುತ್ತದೆಂದು ಹೇಳಲಾಗದು.

ಇದಕ್ಕೆ ಹತ್ತಿರದ ಪ್ರಕರಣವೊಂದು ನಮ್ಮ ನಾಡಿನದೇ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ರೂಪ ಕೊಟ್ಟದ್ದು ಎಲ್ಲರಿಗೂ ತಿಳಿದಿದೆ. 1994ರ ತಮ್ಮ ಉಯಿಲಿನಲ್ಲಿ ಅವರು ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಬ್ಯಾಲೆಯ ಪ್ರದರ್ಶನ ನಡೆದಾಗ, ತಮ್ಮ ಅನುಮತಿ ಪಡೆದಿಲ್ಲವೆಂದು ಮಾಲಿನಿ ಮಲ್ಯರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ಉಡುಪಿಯ ನ್ಯಾಯಾಲಯದಿಂದ ಹೊರಟ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2009ರ ಜನವರಿಯಲ್ಲಿ ತೀರ್ಮಾನವಾಯಿತು. ಹಕ್ಕು ಉಯಿಲಿನ ಮೂಲಕ ಮಲ್ಯರಿಗೆ ಬಂದದ್ದನ್ನು ನ್ಯಾಯಾಲಯ ಒಪ್ಪಿತು. ಜೊತೆಗೆ, 52ನೇ ಕಲಮು ಕೊಡುವ ವಿನಾಯಿತಿಗಳ ಪ್ರಯೋಜನ ಪಡೆಯಲು ಸಂಸ್ಥೆಗೆ ಅಡ್ಡಿಯಿಲ್ಲ ಎಂದೂ ಆದೇಶವನ್ನು ತಿದ್ದಿತು. ಕರ್ತೃ ತೀರಿಕೊಂಡರೆ ಹಕ್ಕು ತೀರುವುದಿಲ್ಲ, ಹಕ್ಕುದಾರರು ಯಾರೆಂದು ಹುಡುಕಿ ಕೇಳಬೇಕು. ಹಾಗೆಯೇ ಕಾಯಿದೆ ಕೊಟ್ಟ ವಿನಾಯಿತಿಯನ್ನು ಹಕ್ಕುದಾರರೂ ಕಿತ್ತುಕೊಳ್ಳುವಂತಿಲ್ಲ. ನಮ್ಮ ವೃತ್ತಿಗೆ ಈ ಎರಡೂ ಪಾಠಗಳು ಬೇಕು.

ಫೋಟೋ, ಮೆನು ಕಾರ್ಡ್, ಪಾಕವಿಧಾನ

ಹಾಡಿನಷ್ಟೇ ಎಚ್ಚರಿಕೆ ಬೇಕಾದದ್ದು ನಮ್ಮ ಕರಪತ್ರಗಳಲ್ಲಿ. ಬೇರೆಯವರು ತೆಗೆದ ಬಾಳೆ ಎಲೆ ಊಟದ ಫೋಟೋವನ್ನು ಅಂತರ್ಜಾಲದಿಂದ ಇಳಿಸಿ ನಮ್ಮ ಹೆಸರಿನ ಕೆಳಗೆ ಹಾಕಿದರೆ ಅದು ಉಲ್ಲಂಘನೆ. ಗಿರಾಕಿಗೆ ನಾವು ಮಾಡದ ಅಡಿಗೆ ತೋರಿಸಿದಂತೆಯೂ ಆಯಿತು. ಹಣ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ತೆಗೆಸಿದವರೇ ಮೊದಲ ಮಾಲೀಕರು ಎಂದು 17ನೇ ಕಲಮು ಹೇಳುತ್ತದೆ. ಹಾಗಾಗಿ ನಾವು ಹಣ ಕೊಟ್ಟು ತೆಗೆಸಿದ ಫೋಟೋ ನಮ್ಮದು. ಮದುವೆ ಮನೆಯವರು ಹಣ ಕೊಟ್ಟು ತೆಗೆಸಿದ್ದು ಅವರದು. ಫೋಟೋಗ್ರಾಫರರ ಪರಿಚಯವಿದೆ ಎಂದು ಅವರಿಂದ ಪಡೆದು ಅಚ್ಚುಹಾಕಿಸುವ ಬದಲು ಮನೆಯವರ ಒಪ್ಪಿಗೆಯನ್ನು ಬರೆಸಿಕೊಳ್ಳಿ.

ಪಂಕ್ತಿಯ ವಿಡಿಯೋಗೆ ಹಿನ್ನೆಲೆಯಲ್ಲಿ ಸಿನಿಮಾ ಹಾಡು ಸೇರಿಸಿ ಪ್ರಚಾರ ಮಾಡುವ ರೂಢಿ ಬೆಳೆದಿದೆ. ಮದುವೆಯ ವಿನಾಯಿತಿ ನಮ್ಮ ಜಾಹೀರಾತಿಗೆ ಅನ್ವಯಿಸದು. 2022ರ ನವೆಂಬರಿನಲ್ಲಿ ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ, 'ಕೆ.ಜಿ.ಎಫ್. ಚಾಪ್ಟರ್ 2' ಚಿತ್ರದ ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಲ್ಲಿ ಅನುಮತಿಯಿಲ್ಲದೆ ಬಳಸಿದ್ದಾರೆಂದು ದೂರಿತು. ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಲು ಆದೇಶಿಸಿತು. ಮರುದಿನ ಹೈಕೋರ್ಟು, ಆ ವಿಡಿಯೋಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ರದ್ದುಮಾಡಿತು. ಕೆಲವು ಸೆಕೆಂಡುಗಳ ಹಾಡಿಗೂ ಮಾಲೀಕರಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ.

ಮೆನು ಕಾರ್ಡಿನ ತಲೆಯ ಮೇಲೆ ಪದ್ಯ ಹಾಕುವುದು ಚೆಂದವೇ. ಸರ್ವಜ್ಞನ ತ್ರಿಪದಿ, ವೇಮನನ ಪದ್ಯ ಎಲ್ಲರ ಸ್ವತ್ತು. ಡಿ.ವಿ.ಜಿ.ಯವರು 1975ರಲ್ಲಿ ತೀರಿಕೊಂಡದ್ದರಿಂದ ಕಗ್ಗದ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಕುವೆಂಪು ಅವರು 1994ರಲ್ಲಿ ತೀರಿಕೊಂಡರು, ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ಮಕ್ಕಳ ಹುಟ್ಟುಹಬ್ಬದ ಕೇಕಿನ ಮೇಲೆ ಮೂಡಿಸುವ ಛೋಟಾ ಭೀಮನಿಗೂ ಮಾಲೀಕರಿದ್ದಾರೆ. ಅದು ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ಸೃಷ್ಟಿ.

ಇನ್ನು ಪಾಕವಿಧಾನ. ಬರೀ ವಿಚಾರಕ್ಕೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಗೊಜ್ಜಿಗೆ ಯಾವುದು ಎಷ್ಟು ಬೀಳಬೇಕು, ಹೇಗೆ ಒಗ್ಗರಿಸಬೇಕು ಎಂಬ ತಿಳಿವಳಿಕೆಯನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳಲಾರರು. ಮಂಗರಸನ 'ಸೂಪಶಾಸ್ತ್ರ' ಓದಿ ಅದರಂತೆ ಅಡಿಗೆ ಮಾಡಬಹುದು, ನಿನ್ನೆ ಅಚ್ಚಾದ ಪುಸ್ತಕ ಓದಿಯೂ ಮಾಡಬಹುದು. ಆದರೆ ಆ ಹೊಸ ಪುಸ್ತಕದ ಬರವಣಿಗೆಯನ್ನು, ಚಿತ್ರಗಳನ್ನು ಹಾಗೆಯೇ ಎತ್ತಿ ನಮ್ಮ ಪುಸ್ತಿಕೆಯಲ್ಲಿ ಹಾಕುವಂತಿಲ್ಲ.

ಬರವಣಿಗೆಯಲ್ಲಿರಲಿ

ಅನುಮತಿ ಲಿಖಿತವಾಗಿರಬೇಕೆಂದು ಕಾಯಿದೆಯ 30ನೇ ಕಲಮು ಹೇಳುತ್ತದೆ. ಫೋನಿನಲ್ಲಿ "ಆಯ್ತು ಸ್ವಾಮಿ, ಹಾಕಿಕೊಳ್ಳಿ" ಎಂದದ್ದು ನಾಳೆ ನೆರವಿಗೆ ಬಾರದು. ಪತ್ರ ಉದ್ದವಾಗಬೇಕಿಲ್ಲ. ಒಂದು ಮಾದರಿ ಕೊಡುತ್ತಿದ್ದೇವೆ:

"ಮಾನ್ಯರೇ, ತಮ್ಮ ........ ಎಂಬ ಕೃತಿಯನ್ನು/ಛಾಯಾಚಿತ್ರವನ್ನು ನಮ್ಮ ........ ರಲ್ಲಿ, ........ ದಿನಾಂಕದಿಂದ ........ ದಿನಾಂಕದವರೆಗೆ, ........ ಪ್ರತಿಗಳಲ್ಲಿ ಬಳಸಲು ಅನುಮತಿ ಕೋರುತ್ತೇವೆ. ಕೃತಿಯ ಜೊತೆ ತಮ್ಮ ಹೆಸರನ್ನು ಮುದ್ರಿಸುತ್ತೇವೆ. ಶುಲ್ಕ ರೂ. ........ . ಇದರ ಹಕ್ಕು ತಮ್ಮದೇ ಎಂಬುದನ್ನು ದೃಢಪಡಿಸಿ, ಒಪ್ಪಿಗೆಯಿದ್ದಲ್ಲಿ ಕೆಳಗೆ ರುಜು ಮಾಡಿ ಕಳುಹಿಸಬೇಕಾಗಿ ವಿನಂತಿ."

ಅವಧಿಯನ್ನು ಬರೆಯದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ತಿಳಿಯುತ್ತದೆ. ಬರೆದುಕೊಳ್ಳುವುದೇ ಲೇಸು.

ಪಾರ್ಟಿಯ ಆರ್ಡರ್ ಫಾರಂನಲ್ಲಿ ಈ ಷರತ್ತನ್ನು ಸೇರಿಸಿಕೊಳ್ಳಬಹುದು:

"ಸಮಾರಂಭದಲ್ಲಿ ಹಾಡುವ, ನುಡಿಸುವ ಅಥವಾ ಧ್ವನಿಮುದ್ರಿಕೆಯಿಂದ ಕೇಳಿಸುವ ಹಾಡುಗಳಿಗೆ ಕಾನೂನಿನ ಪ್ರಕಾರ ಪರವಾನಗಿ ಬೇಕಾದಲ್ಲಿ ಅದನ್ನು ........ ಇವರು ಮುಂಚಿತವಾಗಿ ಪಡೆದು ಪ್ರತಿಯನ್ನು ಕೇಟರರಿಗೆ ಕೊಡತಕ್ಕದ್ದು. ಪರವಾನಗಿ ಶುಲ್ಕ ಊಟದ ದರದಲ್ಲಿ ಸೇರಿರುವುದಿಲ್ಲ. ಸಮಾರಂಭದ ಸ್ವರೂಪ: ಮದುವೆ/ಧಾರ್ಮಿಕ/ಇತರೆ."

ಈ ಷರತ್ತು ಹಾಡಿನ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಆದರೆ ನಷ್ಟವಾದರೆ ಪಾರ್ಟಿಯಿಂದಲೋ ಡಿ.ಜೆ.ಯಿಂದಲೋ ವಸೂಲಿ ಕೇಳಲು ನಮ್ಮ ಕೈಯಲ್ಲಿ ಕಾಗದವಿರುತ್ತದೆ. ಕೊನೆಯ ಸಾಲು ಮದುವೆಯ ವಿನಾಯಿತಿಗೆ ಆಧಾರವಾಗುತ್ತದೆ. ಜೊತೆಗೆ ಲಗ್ನಪತ್ರಿಕೆಯ ಒಂದು ಪ್ರತಿಯನ್ನು ಫೈಲಿನಲ್ಲಿಡಿ.

ನೋಟೀಸು ಬಂದರೆ

ಹೆದರಬೇಡಿ, ಉದಾಸೀನವನ್ನೂ ಮಾಡಬೇಡಿ. ಯಾವ ಹಾಡು, ಯಾವ ದಿನ, ಯಾವ ಸ್ಥಳ, ಅವರಿಗೆ ಹಕ್ಕು ಬಂದ ಪತ್ರ ಯಾವುದು ಎಂದು ಬರವಣಿಗೆಯಲ್ಲೇ ಕೇಳಿ. ಸಮಾರಂಭ ಮದುವೆಯಾಗಿದ್ದರೆ ಲಗ್ನಪತ್ರಿಕೆಯ ಪ್ರತಿಯೊಂದಿಗೆ 52ನೇ ಕಲಮನ್ನು ಉಲ್ಲೇಖಿಸಿ ವಕೀಲರ ಮೂಲಕ ಉತ್ತರಿಸಿ. ಆಧಾರವಿಲ್ಲದೆ ಬರೀ ಬೆದರಿಕೆ ಹಾಕುವವರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು 60ನೇ ಕಲಮು ನಮಗೂ ದಾರಿ ಕೊಟ್ಟಿದೆ.

ಒನ್ ಟೌನಿನ ಕೆಲಸಕ್ಕೆ ದೂರದ ಊರಿನಲ್ಲಿ ದಾವೆ ಹೂಡಿಯಾರೇ ಎಂಬ ಭಯವೂ ಕೆಲವರಿಗಿದೆ. ಹಕ್ಕುದಾರರು ತಾವು ವ್ಯವಹಾರ ನಡೆಸುವ ಊರಿನಲ್ಲಿ ದಾವೆ ಹೂಡಲು 62ನೇ ಕಲಮಿನಲ್ಲಿ ಅವಕಾಶವಿರುವುದು ನಿಜ. ಆದರೆ ಅದಕ್ಕೂ ಮಿತಿಯಿದೆ. ಮುಂಬಯಿಯಲ್ಲಿ ಪ್ರಧಾನ ಕಛೇರಿಯಿರುವ ಐ.ಪಿ.ಆರ್.ಎಸ್., ಮಹಾರಾಷ್ಟ್ರದ ಚಿತ್ರಮಂದಿರಗಳ ವಿಷಯಕ್ಕೆ ದೆಹಲಿಯಲ್ಲಿ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಒಪ್ಪಲಿಲ್ಲ. ದೂರದ ಊರಿನ ನೋಟೀಸು ಬಂದಾಗ ಈ ಅಂಶವನ್ನು ವಕೀಲರ ಗಮನಕ್ಕೆ ತನ್ನಿರಿ.

ಹಾಡು ಬರೆದವರೂ ಕಟ್ಟಿದವರೂ ನಮ್ಮ ಹಾಗೆ ದುಡಿದು ತಿನ್ನುವವರೇ. ನಾವು ಬಡಿಸಿದ ಊಟದ ಹಣ ಬಾರದಿದ್ದರೆ ಹೇಗೆ ಸುಮ್ಮನಿರುವುದಿಲ್ಲವೋ, ಅವರೂ ಹಾಗೆಯೇ. ಕೊಡಬೇಕಾದ ಕಡೆ ರಸೀದಿ ಪಡೆದು ಕೊಡೋಣ. ಕೊಡಬೇಕಾಗಿಲ್ಲದ ಕಡೆ ಕಾಯಿದೆಯ ಕಲಮನ್ನು ತೋರಿಸಿ ವಿನಯದಿಂದ ನಿರಾಕರಿಸೋಣ. ಮುಂದಿನ ಮುಹೂರ್ತದ ಋತು ಆರಂಭವಾಗುವ ಮೊದಲೇ ಸದಸ್ಯರೆಲ್ಲರೂ ತಮ್ಮ ಆರ್ಡರ್ ಫಾರಂಗಳನ್ನು ಮೇಲಿನಂತೆ ತಿದ್ದಿಸಿ ಅಚ್ಚುಹಾಕಿಸಿಕೊಳ್ಳಬೇಕಾಗಿ ಕೋರುತ್ತೇವೆ.